ಸೇವೆಗೆ ಕೊಡುತ್ತೇನೆಂದು ಹರಕೆ ಮಾಡಿದ್ದೆ, ಮಗ ಐಟಿಐಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ದೇವರ ಚಿತ್ತ ತಿಳಿಯುವುದು ಹೇಗೆ?

ಬೆಟಗೇರಿಯ ತಾಯಿ:

ಎಲ್ಲ ಸಹೋದರ ಸಹೋದರಿಯರಿಗೆ ಕರ್ತನಲ್ಲಿ ವಂದನೆಗಳು.

ನನ್ನ ಮಗ ಏಳು ತಿಂಗಳಿಗೇ ಹುಟ್ಟಿದವನು. ತೂಕ ಒಂದೂಕಾಲು ಕಿಲೋ ಇತ್ತು. ಅವನನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾಗ ನಾನು ಆಸ್ಪತ್ರೆಯ ವರಾಂಡದಲ್ಲಿ ಕೂತು ಸತ್ಯವೇದದ ಸಮುವೇಲನ ತಾಯಿ ಹನ್ನಳ ಹಾಗೆ ಬೇಡಿಕೊಂಡೆ, "ಈ ಕೂಸು ಉಳಿದರ ನಿನ್ನ ಸೇವಾಕ್ಕೇ ಕೊಡ್ತೀನಿ ಕರ್ತನೇ" ಅಂತ. ಕೂಸು ಉಳೀತು. ಸಮುವೇಲ ಅಂತಲೇ ಹೆಸರಿಟ್ಟೆವು. ಈ ಹರಕೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಸಭೆಯಲ್ಲೂ ಗೊತ್ತು. ಸಂಡೇ ಸ್ಕೂಲಿನಲ್ಲಿ ವಚನ ಒಪ್ಪಿಸಿದಾಗೆಲ್ಲ ಹಿರಿಯರು "ಏನ್ರಪಾ ಸಣ್ಣ ಅಯ್ಯನವರ" ಅಂತ ತಲೆ ಸವರುತ್ತಿದ್ದರು. ನಮ್ಮಲ್ಲಿ ಸಭಾಪಾಲಕರನ್ನು ಅಯ್ಯನವರು ಅನ್ನುತ್ತೇವೆ.

ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ. ಅವನಿಗೆ ಐಟಿಐ ಸೇರಬೇಕಂತೆ, ಎಲೆಕ್ಟ್ರಿಷಿಯನ್ ಟ್ರೇಡು. ನಮ್ಮ ಓಣಿಯ ತುದಿಗೆ ಒಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಮಗ್ಗದ ಮೋಟರು, ಹೊಲದ ಪಂಪಿನ ಮೋಟರು ಸುಟ್ಟರೆ ಅಲ್ಲಿಗೇ ಬರುತ್ತವೆ. ಎಂಟನೆಯ ಕ್ಲಾಸಿನಿಂದ ಶಾಲೆ ಬಿಟ್ಟ ಕೂಡಲೇ ಅವನು ಅಲ್ಲಿ. ಸುಟ್ಟ ಕಾಯಿಲ್ ಬಿಚ್ಚಿ ಎಷ್ಟು ಸುತ್ತು ಇತ್ತು, ತಂತಿ ಯಾವ ಗೇಜು, ಎಲ್ಲ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಅಂಗಡಿಯ ಕಾಕಾ ಅವರೇ ಈಗ "ಸಾಮ್ಯಾ, ಹ್ವಾದ ವರ್ಷ ಆ ಐದು ಎಚ್‌ಪಿ ಮೋಟರಿಗೆ ಎಷ್ಟು ಸುತ್ತು ಹಾಕಿದ್ವಿ ನೋಡು" ಅಂತ ಇವನನ್ನು ಕೇಳುತ್ತಾರೆ.

ನಮ್ಮ ಮನೆಯವರಿಗೆ ಡಿಪ್ಲೊಮಾ ಆದರೂ ಮಾಡಲಿ ಅಂತ. ಅತ್ತೆಯವರು ಮಾತ್ರ "ದೇವರಿಗೆ ಕೊಟ್ಟದ್ದನ್ನ ತಿರುಗಿ ಇಸ್ಕೊಳ್ಳಾಕ ಬರೂದಿಲ್ಲ" ಅಂತ ಪಟ್ಟು ಹಿಡಿದಿದ್ದಾರೆ. ಅದಕ್ಕೆ ಸರಿಯಾಗಿ, ಹೊಸ ವರ್ಷದ ಆರಾಧನೆಯಲ್ಲಿ ಅವನು ಎತ್ತಿದ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 1:5 ಬಂತು. ಗರ್ಭದಲ್ಲಿ ರೂಪಿಸುವ ಮೊದಲೇ ನಿನ್ನನ್ನು ಬಲ್ಲೆ ಅನ್ನೋ ವಚನ. ಅತ್ತೆಯವರು ಆ ಕಾರ್ಡನ್ನು ಊಟದ ಕೋಣೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿದ್ದಾರೆ. ಉಣ್ಣಲು ಕೂತಾಗೆಲ್ಲ ಅದು ಅವನ ಕಣ್ಣಿಗೆ ಬೀಳುತ್ತದೆ. ಮೊದಲೆಲ್ಲ ಕುಟುಂಬ ಪ್ರಾರ್ಥನೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸುತ್ತಿದ್ದ ಹುಡುಗ ಈಗ ಕೊನೆಗೆ "ಆಮೆನ್" ಅಷ್ಟೇ ಹೇಳುತ್ತಾನೆ. ಅದು ನನಗೆ ಭಾಳ ಸಂಕಟ ಆಗ್ತದ.

ಮಗನ ಬಗ್ಗೆ ದೇವರ ಯೋಜನೆ ಏನು ಅನ್ನೋದನ್ನ ಅವನೇ ಕಂಡುಕೊಳ್ಳೋ ಹಾಗೆ ತಂದೆತಾಯಿ ಏನು ಮಾಡಬೇಕು? ಅವನ ಇಷ್ಟಕ್ಕೆ ಸುಮ್ಮನೆ ಬಿಟ್ಟುಬಿಡಬೇಕಾ? ನನ್ನ ಹರಕೆಯ ಗತಿ ಏನು? ಐಟಿಐ ಅರ್ಜಿ ಹಾಕುವ ಹೊತ್ತು ಬಂದಿದೆ. ಅನುಭವ ಇದ್ದವರು ತಿಳಿಸಿರಿ.

ಬೀದರಿನ ಸಹೋದರ:

ಅಕ್ಕಾ, ಪ್ರಸಂಗಿ 5ನೇ ಅಧ್ಯಾಯದ 4, 5ನೇ ವಚನ ಓದಿರಿ. ಹರಕೆ ಮಾಡಿ ತೀರಿಸದೆ ಇರುವುದಕ್ಕಿಂತ ಹರಕೆ ಮಾಡದೆ ಇರುವುದೇ ಲೇಸು ಅಂತ ಸ್ಪಷ್ಟವಾಗಿ ಇದೆ. ಹದಿನಾರು ವರ್ಷದವನಿಗೆ ತನ್ನ ಮನಸ್ಸೇ ತನಗೆ ತಿಳಿದಿರುವುದಿಲ್ಲ. ಉಪವಾಸ ಮಾಡಿ ಪ್ರಾರ್ಥಿಸಿರಿ, ಕರ್ತನು ಅವನ ಹೃದಯವನ್ನು ತಿರುಗಿಸುತ್ತಾನೆ. ನಿಮ್ಮ ಮನಸ್ಸು ನೋಯಿಸಬೇಕೆಂದು ಬರೆಯುತ್ತಿಲ್ಲ. ದೇವರ ಮುಂದೆ ಆಡಿದ ಮಾತು ದೊಡ್ಡದು ಅಂತ ನನ್ನ ತಂದೆ ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದೇನೆ.

ಉಡುಪಿ ಕಡೆಯ ಸಂಡೇ ಸ್ಕೂಲ್ ಟೀಚರ್:

ತಂಗಿ, ಹುಡುಗ ಈಗ ಆಮೆನ್ ಅಷ್ಟೇ ಹೇಳುತ್ತಾನೆ ಅಂತ ಬರೆದಿರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಐಟಿಐಯೋ ಸಭಾಪಾಲಕರಾಗಲು ಓದುವ ಸೆಮಿನರಿಯೋ ಅನ್ನುವುದು ಆಮೇಲಿನ ಮಾತು. ದೇವರ ಜೊತೆ ಮಾತಾಡುತ್ತಿದ್ದ ಹುಡುಗ ಮಾತು ನಿಲ್ಲಿಸಿದ್ದಾನೆ. ದೇವರು ತನಗೆ ಏನು ಹೇಳುತ್ತಾನೆ ಅನ್ನುವುದನ್ನು ಮನೆಯವರು ಆಗಲೇ ಗೋಡೆಗೆ ಅಂಟಿಸಿ ಆಗಿದೆ. ಇನ್ನು ಅವನು ಕೇಳಿ ತಿಳಿಯುವುದು ಏನು ಉಳಿಯಿತು?

ನಿಮ್ಮ ಮಗನ ಹೆಸರಿನವನ ಕಥೆಯನ್ನೇ ತೆಗೆಯಿರಿ. 1 ಸಮುವೇಲ 3. ಆ ರಾತ್ರಿ ಯಾರೋ ಕರೆದಂತಾಗಿ ಹುಡುಗ ಮತ್ತೆ ಮತ್ತೆ ಎದ್ದು ಮುದಿ ಯಾಜಕ ಏಲಿಯ ಹತ್ತಿರ ಓಡಿದ. ಮೂರನೆಯ ಸಲ ಏಲಿಗೆ, ಹೋ, ಇದು ಯೆಹೋವನ ಕರೆ ಅಂತ ಗೊತ್ತಾಯಿತು. ಆಗ ಅವನು ಮಾಡಿದ್ದೇನು? ಹೋಗಿ ಮಲಗು, ಮತ್ತೆ ಕರೆದರೆ ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಿದ್ದಾನೆ ಅನ್ನು ಅಂದ. ಅಷ್ಟೇ. ತಾನೂ ಹೋಗಿ ಪಕ್ಕದಲ್ಲಿ ಕೂರಲಿಲ್ಲ. ದೇವರು ಇಂಥದ್ದೇ ಹೇಳುತ್ತಾನೆ ನೋಡು ಅಂತ ಮೊದಲೇ ಪಾಠ ಹೇಳಿಕೊಡಲಿಲ್ಲ. ಬೆಳಿಗ್ಗೆ ಕೇಳಿದರೆ ಬಂದ ಮಾತು ಏಲಿಯ ಮನೆತನದ ವಿರುದ್ಧವೇ ಇತ್ತು. ಅದನ್ನೂ ಮುದುಕ ತಲೆಬಾಗಿ ಕೇಳಿಸಿಕೊಂಡ. ತಂದೆತಾಯಿಗೆ ಇರುವ ಕೆಲಸ ಇದು ಅಂತ ನಾನು ನಂಬಿದ್ದೇನೆ. ಕೇಳುವುದು ಹೇಗೆ ಅಂತ ಹೇಳಿಕೊಡುವುದು, ಆಮೇಲೆ ಕೋಣೆಯಿಂದ ಹೊರಗೆ ಇರುವುದು.

ಇನ್ನು ಆ ಕಾರ್ಡು. ವಾಗ್ದಾನದ ಕಾರ್ಡಿನ ಮೇಲೆ ನನಗೆ ಗೌರವ ಉಂಟು, ನಾನೂ ಪ್ರತಿ ವರ್ಷ ಎತ್ತುತ್ತೇನೆ. ಆದರೆ ಯೆರೆಮೀಯ 1:5ರ ಮೊದಲು 1:1 ಇದೆಯಲ್ಲ. ಯೆರೆಮೀಯನ ತಂದೆ ಹಿಲ್ಕೀಯ, ಅನಾತೋತಿನ ಯಾಜಕರಲ್ಲಿ ಒಬ್ಬ. ಮಗ ಯಾಜಕನಾಗಬೇಕು ಅಂತ ಹಿಲ್ಕೀಯನೂ ಅಂದುಕೊಂಡಿರಬಹುದು, ಮನೆತನದ ಕೆಲಸ ಅದು. ದೇವರು ಆ ಹುಡುಗನನ್ನು ಪ್ರವಾದಿ ಮಾಡಿದ. ಮತ್ತು ಮಾತಾಡಿದ್ದು ಹುಡುಗನ ಹತ್ತಿರ. ಹಿಲ್ಕೀಯನಿಗೆ ಹೇಳಿ ಕಳಿಸಿದ ಅಂತ ಎಲ್ಲೂ ಇಲ್ಲ. ಗರ್ಭದಲ್ಲಿರುವಾಗಲೇ ಬಲ್ಲೆ ಅಂದ ದೇವರಿಗೆ ಈ ಹುಡುಗ ಸುತ್ತು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದು ಗೊತ್ತಿಲ್ಲದೆ ಇರುತ್ತದಾ? ಆ ವಚನ ಐಟಿಐಗೂ ಅಷ್ಟೇ ಹೊಂದುತ್ತದೆ ತಂಗಿ.

ಬೀದರಿನ ಸಹೋದರರು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಹರಕೆ ಹಗುರದ ವಿಷಯ ಖಂಡಿತ ಅಲ್ಲ. ಆದರೆ ಪ್ರಸಂಗಿಯ ಜೊತೆ ಯಾಜಕಕಾಂಡ 27 ಕೂಡ ಓದಬೇಕು. ಒಬ್ಬ ಮನುಷ್ಯನನ್ನು ಯೆಹೋವನಿಗೆ ಹರಕೆ ಮಾಡಿದ್ದರೆ ಅವನಿಗೆ ಬದಲಾಗಿ ಬೆಲೆ ಕೊಟ್ಟು ತೀರಿಸುವ ಕ್ರಮ ಅಲ್ಲೇ ಇದೆ. 5ರಿಂದ 20 ವರ್ಷದೊಳಗಿನ ಗಂಡಿಗೆ ಆ ಕಾಲದ ತೂಕದಲ್ಲಿ 20 ಶೆಕೆಲ್ ಬೆಳ್ಳಿ. ಹರಕೆ ಮಾಡಿದವನು ಬಡವನಾದರೆ ಯಾಜಕನು ಅವನ ಶಕ್ತಿ ನೋಡಿ ಕಡಿಮೆ ಮಾಡಬೇಕು. ಯಾರ ಶಕ್ತಿ? ಹರಕೆ ಮಾಡಿದವನ ಶಕ್ತಿ. ಭಾರ ಅವನ ಮೇಲೆ. ತನ್ನ ಬಾಯಿಂದ ಹೊರಟ ಮಾತಿನ ಭಾರವನ್ನು ಮಗಳ ತಲೆಯ ಮೇಲೆ ಹಾಕಿದವನು ಯೆಪ್ತಾಹ, ನ್ಯಾಯಸ್ಥಾಪಕರು 11. ಯುದ್ಧ ಗೆದ್ದರೆ ಮನೆಯಿಂದ ಎದುರು ಬಂದದ್ದನ್ನು ಬಲಿ ಕೊಡುತ್ತೇನೆ ಅಂತ ಹರಕೆ ಮಾಡಿದ, ಎದುರು ಬಂದವಳು ಮಗಳು. ಅದನ್ನು ಓದಿ ಯಾರೂ ಸಂತೋಷದಿಂದ ಪುಸ್ತಕ ಮುಚ್ಚುವುದಿಲ್ಲ. ನಿಮ್ಮ ಹರಕೆಯನ್ನು ನೀವು ತೀರಿಸಿ. ನಿಮ್ಮ ಅಯ್ಯನವರ ಹತ್ತಿರ ಕೂತು ಮಾತಾಡಿ. ಹೊತ್ತಿಗೆ ಮುಂಚೆ ಹುಟ್ಟಿದ ಕೂಸುಗಳ ತಾಯಂದಿರು ಇವತ್ತಿಗೂ ಆ ವರಾಂಡದಲ್ಲಿ ಕೂತಿರುತ್ತಾರೆ. ಅವರಿಗೆ ಒಂದು ಫ್ಲಾಸ್ಕ್ ಬಿಸಿನೀರು, ಒಂದು ಹೊತ್ತಿನ ಊಟ ತೆಗೆದುಕೊಂಡು ಹೋಗಿ ಜೊತೆಗೆ ಕೂರುವುದೂ ಸೇವೆಯೇ, ಮತ್ತು ಅದನ್ನು ನಿಮ್ಮಷ್ಟು ತಿಳಿದು ಮಾಡುವವರು ಕಡಿಮೆ.

ಸೇವೆ ಅಂದರೆ ಪ್ರಸಂಗಪೀಠ ಮಾತ್ರ ಅಂತ ನಮ್ಮ ಜನ ಯಾವಾಗಿಂದ ಅಂದುಕೊಂಡರೋ. ನಮ್ಮ ಸಭೆಗಳು ಹುಟ್ಟಿದ್ದೇ ಹಾಗಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹಿಂದಿನಿಂದ ನೇಕಾರರನ್ನೂ, ಮುದ್ರಣ ಮತ್ತು ಯಂತ್ರದ ಕೆಲಸ ಬಲ್ಲವರನ್ನೂ ಮಿಶನರಿಗಳೆಂದೇ ಕಳಿಸಿದರು. ಹಾಲರ್ ನೇಯ್ಗೆಯವರು. ಪ್ಲೆಬ್ಸ್ಟ್ ಮೊದಲು ಪ್ರೆಸ್ಸಿನ ಕೆಲಸ ನೋಡಿದವರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮತಾಂತರವಾಗಿ ಮನೆಯಿಂದ, ಕಸುಬಿನಿಂದ ಹೊರಬಿದ್ದವರು ಆ ಕಾರ್ಖಾನೆಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದರು. ನನ್ನ ಅಜ್ಜ ಹಂಚಿನ ಆವಿಗೆಯ ಹತ್ತಿರ ಕೆಲಸ ಮಾಡಿದವರು. ದೇವರು ಪ್ಲೆಬ್ಸ್ಟರನ್ನು ಕರೆಯಲಿಲ್ಲ, ನಿಘಂಟು ಬರೆದ ಮಿಶನರಿ ಕಿಟ್ಟೆಲರನ್ನು ಮಾತ್ರ ಕರೆದ ಅಂತ ಹೇಳುವ ಧೈರ್ಯ ನನಗಿಲ್ಲ. ವಿಮೋಚನಕಾಂಡ 31ರಲ್ಲಿ ದೇವರಾತ್ಮನಿಂದ ತುಂಬಿದವನು ಅಂತ ಹೆಸರು ಹಿಡಿದು ಹೇಳಿರುವ ಬೆಚಲೇಲನೂ ಚಿನ್ನ, ಬೆಳ್ಳಿ, ತಾಮ್ರದ ಕೆಲಸದವನೇ.

ಇನ್ನು ನೀವು ಕೇಳಿದ ಮುಖ್ಯ ಮಾತು, ತಂದೆತಾಯಿ ಏನು ಮಾಡಬೇಕು? ನಮ್ಮ ಮನೆಯದ್ದು ಹೇಳುತ್ತೇನೆ. ನನ್ನ ಮಗಳಿಗೆ ಒಳ್ಳೆಯ ಸ್ವರ. ಕ್ವಾಯರಿನವರೆಲ್ಲ, ದೇವರು ಇವಳನ್ನು ಸಂಗೀತಕ್ಕೇ ಎತ್ತಿದ್ದಾನೆ ಅನ್ನುತ್ತಿದ್ದರು. ನಾನೂ ನನ್ನ ಗಂಡನೂ ಒಂದು ವಿಷಯ ಮಾತಾಡಿಕೊಂಡಿದ್ದೆವು, ರಾತ್ರಿ ಪ್ರಾರ್ಥನೆಯಲ್ಲಿ ಮಕ್ಕಳ ಬಾಯಿಗೆ ನಾವು ಮಾತು ಇಡಬಾರದು, ಅವರು ಯಾರಿಗಾಗಿ, ಯಾವುದಕ್ಕಾಗಿ ಪ್ರಾರ್ಥಿಸುತ್ತಾರೆ ಅಂತ ಕೇಳಿಸಿಕೊಳ್ಳಬೇಕು ಅಂತ. ಅವಳು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಅತ್ತೆಗೆ ಮಲೇರಿಯಾ ಬಂತು, ನಮ್ಮ ಕರಾವಳಿಯಲ್ಲಿ ಮಳೆಗಾಲದ ಕಾಟ ಅದು. ರಕ್ತಪರೀಕ್ಷೆಗೆ ನನ್ನ ಜೊತೆ ಬಂದಿದ್ದಳು. ಲ್ಯಾಬಿನವರು ಒಳ್ಳೆಯವರು, ಮೈಕ್ರೋಸ್ಕೋಪಿನ ಮುಂದೆ ಅವಳನ್ನು ಕೂರಿಸಿ ಬಣ್ಣ ಹಾಕಿದ ಸ್ಲೈಡ್ ತೋರಿಸಿದರು. ಕೆಂಪು ಕಣದ ಒಳಗೆ ನೀಲಿ ಉಂಗುರದ ಹಾಗೆ ಒಂದು ಸಣ್ಣ ಗೆರೆ, ಅದರ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ. ಅದೇ ರೋಗಾಣು. ಅವಳು ಕಣ್ಣು ತೆಗೆಯಲಿಲ್ಲ. ಸ್ಲೈಡನ್ನು ಸ್ವಲ್ಪ ಸ್ವಲ್ಪ ಸರಿಸುತ್ತ, "ಇನ್ನೊಂದು ಸಿಕ್ಕಿತು, ಇಲ್ಲಿ ಇನ್ನೊಂದು" ಅನ್ನುತ್ತ ಕೂತಳು. ಅವತ್ತು ರಾತ್ರಿ ಅವಳ ಪ್ರಾರ್ಥನೆಯಲ್ಲಿ ಅಜ್ಜಿ ಬಂದರು, ಜೊತೆಗೆ "ಆ ಲ್ಯಾಬಿನಲ್ಲಿ ಬಾಟ್ಲಿ ಮೇಲೆ ಹೆಸರು ಬರೆದಿಟ್ಟಿದ್ದವರೆಲ್ಲ" ಬಂದರು. ಮರುದಿನವೂ ಬಂದರು. ಹಾಡಿನ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ ಅವಳ ಪ್ರಾರ್ಥನೆ ಅಷ್ಟು ಉದ್ದ ಆಗಿದ್ದು ನನಗೆ ನೆನಪಿಲ್ಲ. ನಾವು ಏನೂ ಹೇಳಲಿಲ್ಲ. ಬೇಸಿಗೆ ರಜೆಯಲ್ಲಿ ಅಲ್ಲಿ ಬಂದು ಕೂರಬಹುದಾ ಅಂತ ಲ್ಯಾಬಿನವರನ್ನು ಕೇಳಿ ಒಪ್ಪಿಗೆ ತಂದೆವು. ಈಗ ಅವಳು ಲ್ಯಾಬ್ ಟೆಕ್ನಿಶಿಯನ್. ಹಾಡುತ್ತಾಳೆ ಕೂಡ, ಭಾನುವಾರ.

ನಿಮ್ಮ ಮನೆಯಲ್ಲಿ ಈ ಕೆಲಸದ ಅರ್ಧ ಆಗಲೇ ಆಗಿದೆ. ಹುಡುಗ ಮೂರು ವರ್ಷದಿಂದ ಯಾರೂ ಹೇಳದೆ ಒಂದು ಕಡೆ ಹೋಗಿ ಕೂರುತ್ತಿದ್ದಾನೆ, ಗೊತ್ತಿರುವ ಹಿರಿಯ ಮೇಸ್ತ್ರಿಯೊಬ್ಬರು ಅವನ ಲೆಕ್ಕವನ್ನು ನಂಬುತ್ತಾರೆ. ಆ ಕಾಕಾ ಅವರ ಹತ್ತಿರ ನೀವಿಬ್ಬರೂ ಹೋಗಿ, ಹುಡುಗ ಹೇಗೆ ಅಂತ ಕೇಳಿ. ಕೆಲಸ ಚುರುಕಾ ಅಂತ ಮಾತ್ರ ಕೇಳಬೇಡಿ. ತಾಮ್ರದ ದುಡ್ಡು ತೆಗೆದುಕೊಂಡು ಅಲ್ಯೂಮಿನಿಯಂ ತಂತಿ ಸುತ್ತಿ ಕಳಿಸುವ ಅಂಗಡಿಗಳೂ ಉಂಟು. ಬೆಳೆ ಒಣಗುತ್ತಿರುವ ರೈತನಿಗೆ ಮೋಟರು ಬಿಚ್ಚಿ ನೋಡಲು ಬರುವುದಿಲ್ಲ. ಅಂಥ ಕಡೆ ಈ ಹುಡುಗ ಹೇಗೆ ನಡೆದುಕೊಳ್ಳುತ್ತಾನೆ ಅಂತ ಕೇಳಿ. ದೇವರ ಭಯ ಅವನೊಳಗೆ ಎಲ್ಲಿದೆ ಅಂತ ಆ ಉತ್ತರದಲ್ಲಿ ತಿಳಿಯುತ್ತದೆ.

ಇನ್ನೊಂದು. ಅವನು ಎಲೆಕ್ಟ್ರಿಷಿಯನ್ ಆದ ಕೂಡಲೇ ದೇವಾಲಯದ ಫ್ಯಾನು, ಮೈಕು, ಕ್ರಿಸ್ಮಸ್ ಲೈಟು ಎಲ್ಲ ಅವನ ತಲೆಗೆ ಕಟ್ಟಿ "ನೋಡು, ಹರಕೆ ತೀರಿತು" ಅನ್ನಬೇಡಿ. ಅವನೇ ಏಣಿ ಹತ್ತಿದರೆ ಹತ್ತಲಿ. ರೈತನ ಮೋಟರು ಸರಿಯಾಗಿ ಸುತ್ತಿದ್ದು ದೇವರ ಲೆಕ್ಕದಲ್ಲಿ ಕಡಿಮೆ ಏನಲ್ಲ.

ಧಾರವಾಡ ಕಡೆಯ ಸಭಾಪಾಲಕ:

ಟೀಚರ್ ಅವರ ಮಾತಿಗೆ ನನ್ನ ಕಡೆಯಿಂದ ಎರಡು ವಿಷಯ ಸೇರಿಸುತ್ತೇನೆ.

ಸೆಮಿನರಿಗೆ ಹೋಗಬೇಕೆನ್ನುವವರ ಜೊತೆ ಮಾತಾಡುವ ಕೆಲಸ ನನಗೆ ಆಗಾಗ ಬರುತ್ತದೆ. ಸ್ಥಳೀಯ ಸಭೆಯ ಶಿಫಾರಸು ಬೇಕು, ಡಯಾಸಿಸಿನ, ಅಂದರೆ ಬಿಷಪರ ಆಡಳಿತ ಪ್ರಾಂತದ, ಸಂದರ್ಶನ ಇರುತ್ತದೆ, ಆಮೇಲೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಂಥ ಕಡೆ ವರ್ಷಗಟ್ಟಲೆ ಓದು. "ನಿನ್ನ ಕರೆ ಏನು ಹೇಳು" ಅಂದಾಗ "ನಮ್ಮ ಅವ್ವ ಹರಕೆ ಮಾಡ್ಯಾಳ್ರಿ" ಅನ್ನುವ ಹುಡುಗರು ಬರುತ್ತಾರೆ. ಅದಕ್ಕಿಂತ ಮುಂದೆ ಅವರಿಗೆ ಒಂದು ಮಾತೂ ಬರುವುದಿಲ್ಲ. ಅವರನ್ನು ನೋಡಿದರೆ ನನಗೆ ದುಃಖ. ಸಾವಿನ ಮನೆಗೆ ರಾತ್ರಿ ಎರಡಕ್ಕೆ ಹೋಗಬೇಕಾದಾಗ, ಸಭೆಯೊಳಗೆ ಜಗಳ ಎದ್ದಾಗ, ಅವ್ವನ ಹರಕೆ ಒಬ್ಬ ಮನುಷ್ಯನನ್ನು ನಿಲ್ಲಿಸಲಾರದು. ತನ್ನದೇ ಕರೆ ಇರಬೇಕು. ಹಾಗಂತ ಐಟಿಐಗೆ ಹೋದರೆ ಬಾಗಿಲು ಮುಚ್ಚಿತು ಅಂತಲೂ ಅಲ್ಲ. ವಿಲಿಯಂ ಕೇರಿ ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, 1793ರಲ್ಲಿ ಮಿಶನರಿಯಾಗಿ ಬಂಗಾಳಕ್ಕೆ ಬಂದರು. ಸತ್ಯವೇದದ ಪ್ರವಾದಿ ಆಮೋಸನೂ ನಾನು ಪ್ರವಾದಿಯ ಮಗನಲ್ಲ, ಕುರಿ ಕಾಯುವವನು, ಅತ್ತಿಹಣ್ಣು ನೋಡಿಕೊಳ್ಳುವವನು ಅಂತಲೇ ಹೇಳಿಕೊಂಡ. ದೇವರಿಗೆ ಇವನು ಬೇಕಾದರೆ ಸ್ಕ್ರೂಡ್ರೈವರ್ ಹಿಡಿದ ಕೈಯನ್ನೇ ಹಿಡಿದು ಕರೆಯುತ್ತಾನೆ.

ಎರಡನೆಯದು ಅಜ್ಜಿಯವರ ವಿಷಯ. ಅವರನ್ನು ಎದುರು ಹಾಕಿಕೊಳ್ಳಬೇಡಿರಿ. ಆ ರಾತ್ರಿಗಳಲ್ಲಿ ಅವರೂ ಕೂಸಿಗಾಗಿ ಅತ್ತಿರುತ್ತಾರೆ. ಹರಕೆ ತಪ್ಪಿದರೆ ಮೊಮ್ಮಗನಿಗೆ ಏನಾದೀತೋ ಅನ್ನುವ ಅಂಜಿಕೆ ಒಳಗೆ ಇರುತ್ತದೆ, ಬಾಯಲ್ಲಿ ಹೇಳುವುದಿಲ್ಲ. ನಿಮ್ಮ ಅಯ್ಯನವರನ್ನು ಮನೆಗೆ ಕರೆಸಿ ಒಂದು ಸ್ತೋತ್ರ ಪ್ರಾರ್ಥನೆ ಇಡಿಸಿರಿ. ಹರಕೆಯ ವಿಷಯವನ್ನು ಅಲ್ಲೇ ಬಾಯಿಬಿಟ್ಟು ಹೇಳಿ, ನಿಮ್ಮ ಶಕ್ತಿಯಿದ್ದಷ್ಟು ಕಾಣಿಕೆ ಕೊಟ್ಟು, ಹುಡುಗನನ್ನು ದೇವರ ಕೈಗೆ ಬಿಡುತ್ತೇವೆ ಅಂತ ಪ್ರಾರ್ಥಿಸಿರಿ. ಅಜ್ಜಿಯವರೇ ಅವನ ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಲಿ. ಹಿರಿಯರ ಮನಸ್ಸಿನ ಅಂಜಿಕೆ ವಾದದಿಂದ ಹೋಗುವುದಿಲ್ಲ, ಇಂಥ ಪ್ರಾರ್ಥನೆಯಿಂದ ಹೋಗಿದ್ದನ್ನು ಕಂಡಿದ್ದೇನೆ.

ಕುವೈತಿನಿಂದ ಕೋಲಾರದ ನರ್ಸ್:

ನಾನು ವೆಲ್ಲೂರಿನಲ್ಲಿ ಓದಿದವಳು. ಅಲ್ಲಿ ಎಲ್ಲರಿಗೂ ಅಲ್ಲಿನ ಮಿಶನ್ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಅವರ ಕಥೆ ಗೊತ್ತು. ಮನೆತನದ ತುಂಬ ಮಿಶನರಿಗಳು, ಅವರಿಗೆ ಮಾತ್ರ ಮಿಶನರಿ ಆಗುವುದು ಬೇಡವಾಗಿತ್ತು. ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಕ್ಕೆ ಬಂದಿದ್ದರು. ಒಂದೇ ರಾತ್ರಿ ಮೂವರು ಗಂಡಸರು ಬಾಗಿಲಿಗೆ ಬಂದು, ಹೆಂಡತಿಗೆ ಹೆರಿಗೆ ಕಷ್ಟ, ನೀವು ಬನ್ನಿ ಅಂದರು. ಐಡಾ ಅವರ ತಂದೆ ಡಾಕ್ಟರು, ಆದರೆ ಬಂದವರು ಗಂಡು ಡಾಕ್ಟರು ಬೇಡ ಅಂತ ಹೊರಟುಹೋದರು. ಬೆಳಗಾಗುವುದರೊಳಗೆ ಆ ಮೂವರು ಹೆಣ್ಣುಮಕ್ಕಳೂ ತೀರಿಹೋದರು. ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ಡಾಕ್ಟರಾಗಿ, 1900ರಲ್ಲಿ ತಿರುಗಿ ಬಂದರು.

ನನಗೆ ಆ ಕಥೆಯಲ್ಲಿ ಕಾಣುವುದು ತಂದೆತಾಯಿಯ ಮನೆ. ಕಷ್ಟದಲ್ಲಿದ್ದವರು ನಡುರಾತ್ರಿ ಬಂದು ತಟ್ಟುವಂಥ ಬಾಗಿಲು ಅದು. ಮಗಳ ಕಿವಿಗೆ ಆ ಸದ್ದು ಬಿತ್ತು. ಅಕ್ಕಾ, ನಿಮ್ಮ ಮನೆಯ ಬಾಗಿಲನ್ನು ಹಾಗೆ ಇಟ್ಟುಕೊಳ್ಳಿ, ಸಾಕು. ಮತ್ತೆ ಯಾವುದಾದರೂ ಕನ್ವೆನ್ಶನ್ನಿಗೆ ಕರೆದುಕೊಂಡು ಹೋಗಿ ಗೊತ್ತಿಲ್ಲದ ಪ್ರಸಂಗಿಗಳಿಂದ ಅವನ ಮೇಲೆ ಪ್ರವಾದನೆ ಹೇಳಿಸಬೇಡಿ. ಅಪರಿಚಿತರು ಮೈಕಿನಲ್ಲಿ ಹೇಳಿದ್ದನ್ನು ಮಕ್ಕಳು ವರ್ಷಗಟ್ಟಲೆ ಹೊತ್ತುಕೊಂಡಿರುತ್ತಾರೆ.

ಬೆಟಗೇರಿಯ ತಾಯಿ:

ಎಲ್ಲರಿಗೂ ಭಾಳ ಉಪಕಾರ. ನಿನ್ನೆ ರಾತ್ರಿ ಉಂಡಾದ ಮೇಲೆ ನಾನೂ ಅವನೂ ಕಟ್ಟೆಯ ಮೇಲೆ ಕೂತಿದ್ದೆವು. "ಹರಕೆ ನಂದು, ನಾನು ದೇವರ ಜೋಡಿ ಮಾತಾಡ್ತೀನಿ, ನಿನ್ನ ಮ್ಯಾಲ ಏನೂ ಇಲ್ಲ" ಅಂದೆ. ಅವನು ಸುಮ್ಮನೆ ಕೂತಿದ್ದು ಆಮೇಲೆ ಕೇಳಿದ, "ಹಂಗಾರ ನಾ ಅಯ್ಯ ಆಗೂದಿಲ್ಲ ಅಂದ್ರ, ದೇವರು ನನ್ನ ಉಳಿಸಿದ್ದು ಯಾಕವಾ?" ನನಗೆ ಉತ್ತರ ಬರಲಿಲ್ಲ. ಏನು ಹೇಳಲಿ?

ಉಡುಪಿ ಕಡೆಯ ಸಂಡೇ ಸ್ಕೂಲ್ ಟೀಚರ್:

ತಂಗಿ, ಈ ಹುಡುಗ ಇಷ್ಟು ವರ್ಷ ತನ್ನ ಜೀವವನ್ನು ಸಾಲ ಅಂತ ಹೊತ್ತುಕೊಂಡಿದ್ದಾನೆ. ಅವನ ಜೊತೆ ಕೂತು ಮಾರ್ಕ 5 ಓದಿ. ಯಾಯೀರನ ಮಗಳು, ಹನ್ನೆರಡು ವರ್ಷದವಳು, ಸತ್ತೇಹೋಗಿದ್ದಳು. ಯೇಸು ಎಬ್ಬಿಸಿದ. ಎಬ್ಬಿಸಿ, ಇವಳನ್ನು ನನ್ನ ಸೇವೆಗೆ ಕೊಡಿ ಅಂದನಾ? ಅವಳಿಗೆ ಊಟಕ್ಕೆ ಏನಾದರೂ ಕೊಡಿ ಅಂದ. ನಾಯಿನೆಂಬ ಊರಿನಲ್ಲಿ ವಿಧವೆಯ ಮಗನನ್ನು ಎಬ್ಬಿಸಿದಾಗ, ಲೂಕ 7ರಲ್ಲಿ ನೋಡಿ, ಅವನನ್ನು ತಾಯಿಗೆ ಕೊಟ್ಟ ಅಂತ ಬರೆದಿದೆ. ಅವರು ಮುಂದೆ ಏನಾದರು ಅಂತ ಸತ್ಯವೇದ ಹೇಳುವುದೇ ಇಲ್ಲ. ಅವನಿಗೆ ಅದನ್ನು ಓದಿ ಹೇಳಿ, ವಿವರಿಸಲು ಹೋಗಬೇಡಿ. ಇನ್ನೂ ಕೇಳಿದರೆ, "ನೀನು ಬೇಕು ಅಂತ ಉಳಿಸಿದ" ಅನ್ನಿ.

ಕಾರ್ಡನ್ನು ಗೋಡೆಯಿಂದ ತೆಗೆದು ಅವನ ಕೈಗೆ ಕೊಡಿ, ಅತ್ತೆಯವರ ಹತ್ತಿರ ಹೇಳಿಯೇ ತೆಗೆಯಿರಿ. ಅರ್ಜಿಗೆ ಮಾರ್ಕ್ಸ್ ಕಾರ್ಡು, ಟಿ.ಸಿ. ತೆಗೆದಿಟ್ಟುಕೊಳ್ಳಿ. ಜಾತಿ ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಗೆ ಈ ವಾರವೇ ಹೋಗಿ, ಕೊನೆಯ ದಿನಕ್ಕೆ ಬಿಟ್ಟರೆ ಕಷ್ಟ. ಯಾವ ಐಟಿಐ ಒಳ್ಳೆಯದು ಅಂತ ಆ ಅಂಗಡಿಯ ಕಾಕಾ ಅವರನ್ನೇ ಕೇಳಿ.